ಯುದ್ಧ ನಿಲ್ಸೋಕೆ ಆಗದ ವಿಶ್ವಸಂಸ್ಥೆ ಯಾಕ್ ಬೇಕು ಸಾರ್ ಅಂತ ಹುಡುಗಿ ಕೇಳಿದ್ಲು, ಏನ್ ಹೇಳ್ಲಿ?

ಸಮಾಜ_ಮೇಷ್ಟ್ರು

ಎಲ್ರಿಗೂ ನಮಸ್ಕಾರ. ನಾನು ಹಳ್ಳಿ ಕಡೆ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ತೀನಿ. ಮೊನ್ನೆ ಹತ್ತನೇ ಕ್ಲಾಸಿಗೆ ವಿಶ್ವಸಂಸ್ಥೆ ಪಾಠ ತಗೊಂಡಿದ್ದೆ. 1945 ಅಕ್ಟೋಬರ್ 24ಕ್ಕೆ ಶುರುವಾಯ್ತು, ಕೇಂದ್ರ ಕಚೇರಿ ನ್ಯೂಯಾರ್ಕು, ಭದ್ರತಾ ಮಂಡಳೀಲಿ 15 ಸದಸ್ಯರು, ಅದರಲ್ಲಿ 5 ಕಾಯಂ ಸದಸ್ಯರಿಗೆ ವೀಟೋ (ಅವರಲ್ಲಿ ಒಬ್ಬರು ಬೇಡ ಅಂದ್ರೂ ಠರಾವು ಬೀಳತ್ತೆ), ಹೀಗೆ ಬೋರ್ಡ್ ಮೇಲೆ ಬರೀತಾ ಹೋಗ್ತಿದ್ದೆ, ಮಕ್ಕಳು ತಲೆ ಬಗ್ಗಿಸಿ ಬರ್ಕೋತಾ ಇದ್ರು. ಮೂರನೇ ಬೆಂಚಿನ ಹುಡುಗಿ ಎದ್ದು ನಿಂತು "ಸಾರ್, ಉದ್ದೇಶ ವಿಶ್ವಶಾಂತಿ ಅಂತ ಬರ್ಸಿದ್ರಿ, ಟೀವೀಲಿ ನೋಡಿದ್ರೆ ದಿನಾ ಉಕ್ರೇನ್, ಗಾಜಾ. ಯುದ್ಧ ನಿಲ್ಸೋಕೆ ಆಗಲ್ಲ ಅಂದ್ರೆ ಅದು ಯಾಕಿದೆ ಸಾರ್" ಅಂದ್ಲು. ಇಡೀ ಕ್ಲಾಸು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡ್ತು.

ಪರೀಕ್ಷೆಗೆ ನಾಲ್ಕು ಮಾರ್ಕಿನ ಉತ್ತರ ಏನು ಅಂತ ನಂಗೊತ್ತು, ಅದು ಅವಳಿಗೂ ಗೊತ್ತು, ಅವಳು ಕೇಳಿದ್ದು ಅದಲ್ಲ. "ಒಳ್ಳೇ ಪ್ರಶ್ನೆ ಕಣಮ್ಮ, ಸೋಮವಾರ ಮಾತಾಡೋಣ" ಅಂತ ಹೇಳಿ ಬಂದೆ. ಮನೆಗೆ ಬಂದ ಮೇಲೂ ತಲೇಲಿ ಅದೇ ಓಡ್ತಾ ಇದೆ. ಮಕ್ಕಳಿಗೆ ಸುಳ್ಳು ಭರವಸೆ ಕೊಡೋಕೂ ಇಷ್ಟ ಇಲ್ಲ, ಎಲ್ಲ ಬೋಗಸ್ ಅಂತ ಕೈ ಚೆಲ್ಲೋಕೂ ಇಷ್ಟ ಇಲ್ಲ. ಇಲ್ಲಿ ಯಾರಾದ್ರೂ ಇಂಥ ಸಂಸ್ಥೆಗಳ ಕೆಲಸ ಹತ್ತಿರದಿಂದ ನೋಡಿರೋರು ಇದ್ರೆ ದಯವಿಟ್ಟು ಬರೀರಿ. ಗೂಗಲ್‌ನಲ್ಲಿ ಸಿಗೋದು ಬೇಡ, ಅದು ಓದಿದ್ದೀನಿ.

ಕೊಡಗಿನ_ಫೌಜಿ

ಮೇಷ್ಟ್ರೇ ನಮಸ್ಕಾರ. ನಾನು ರಿಟೈರ್ಡ್ ಆರ್ಮಿ, ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ನೀಲಿ ಹೆಲ್ಮೆಟ್ ಹಾಕ್ಕೊಂಡು ಒಂದು ಟೆನ್ಯೂರ್ ಕಾಂಗೋದಲ್ಲಿ ಇದ್ದೆ, ಗೋಮಾ ಕಡೆ. ನಾನು ಕಂಡಷ್ಟು ಹೇಳ್ತೀನಿ.

ಗೋಮಾ ಅಂದ್ರೆ ಒಂದು ಕಡೆ ಕಿವು ಸರೋವರ, ಇನ್ನೊಂದು ಕಡೆ ನ್ಯೀರಗೊಂಗೊ ಜ್ವಾಲಾಮುಖಿ. 2002ರಲ್ಲಿ ಅದು ಉಕ್ಕಿ ಊರೊಳಗೇ ಲಾವಾ ಹರಿದಿತ್ತು, ಹಾಗಾಗಿ ನೆಲ ಎಲ್ಲ ಕರೀ ಕಲ್ಲು, ಬೂಟಿನ ಸೋಲ್ ಬೇಗ ಸವೆದು ಹೋಗ್ತದೆ. ನಮ್ಮ ಡ್ಯೂಟಿಗಳಲ್ಲಿ ಒಂದು ಸೌದೆ ಪಟ್ರೋಲಿಂಗ್, ಅಂದ್ರೆ ಸೌದೆಗೆ ಹೋಗೋರಿಗೆ ಕಾವಲು. ನಿರಾಶ್ರಿತರ ಕ್ಯಾಂಪಿನ ಹೆಂಗಸರು ಅಡುಗೆಗೆ ಸೌದೆ ತರೋಕೆ ಕಾಡಿನ ಅಂಚಿಗೆ ಹೋಗ್ಲೇಬೇಕು, ಗಂಡಸರು ಹೋದ್ರೆ ಬಂಡುಕೋರರು ಕೊಲ್ತಾರೆ, ಹೆಂಗಸರು ಹೋದ್ರೆ ಏನಾಗ್ತದೆ ಅಂತ ನಾನು ಇಲ್ಲಿ ಬರೆಯೋಲ್ಲ. ನಾವು ಮಾಡೋದು ಇಷ್ಟೇ, ಬೆಳಿಗ್ಗೆ ಗಾಡಿ ತಗೊಂಡು ಅವರ ಹಿಂದೆ ಮುಂದೆ ಹೋಗೋದು, ಅವರು ಕಡಿದು ಹೊರೆ ಕಟ್ಟೋ ತನಕ ನಿಲ್ಲೋದು, ವಾಪಸ್ ಕರ್ಕೊಂಡು ಬರೋದು. ಹೊರೆಗೆ ಹಗ್ಗ ಹಾಕಿ ಆ ಹಗ್ಗವನ್ನ ಹಣೆಗೆ ಕೊಟ್ಟು ಬಗ್ಗಿ ನಡೀತಾರೆ, ಹಣೆ ಮೇಲೆ ಹಗ್ಗದ ಗುರುತು ಹಾಗೇ ಉಳಿದಿರ್ತದೆ.

ಒಂದು ದಿನ ನಮ್ಮ ಗಾಡಿ ದಾರೀಲಿ ಕೆಟ್ಟು ಎರಡು ಗಂಟೆ ಲೇಟಾಯ್ತು. ಅವರು ಅಷ್ಟೊತ್ತಿಗೆ ಹೋಗಿರ್ತಾರೆ, ಇವತ್ತು ಏನು ಕಾದಿದೆಯೋ ಅಂತ ನಮಗೆಲ್ಲ ಎದೆ ಹೊಡ್ಕೋತಿತ್ತು. ಹೋಗಿ ನೋಡಿದ್ರೆ ಅಷ್ಟೂ ಜನ ರಸ್ತೆ ಬದೀಲಿ ಕತ್ತಿ ಹಗ್ಗ ಮಡಿಲಲ್ಲಿ ಇಟ್ಕೊಂಡು ಹಾಗೇ ಕೂತಿದ್ರು. ನಮ್ಮ ಬಿಳಿ ಗಾಡಿ ಕಂಡ ಕೂಡ್ಲೇ ಒಬ್ಬೊಬ್ರೇ ಎದ್ರು. ಯಾರೂ ಚಪ್ಪಾಳೆ ತಟ್ಟಿಲ್ಲ, ಥ್ಯಾಂಕ್ಸ್ ಹೇಳಿಲ್ಲ, ಸುಮ್ನೆ ಎದ್ದು ನಡೆದ್ರು. ಕಾಂಗೋದ ಯುದ್ಧ ನಾವು ನಿಲ್ಲಿಸಿದ್ದೀವಾ ಅಂದ್ರೆ ಇಲ್ಲ, 2025ರ ಜನವರೀಲಿ ಅದೇ ಗೋಮಾ ಮತ್ತೆ ಎಂ23 ಬಂಡುಕೋರರ ಕೈಗೆ ಹೋಯ್ತು, ಆ ದಿನ ಟೀವಿ ನೋಡ್ತಾ ನಂಗೆ ಊಟ ಸೇರಿಲ್ಲ. ಆದ್ರೆ ಆ ಬೆಳಿಗ್ಗೆ ಆ ಹೆಂಗಸರು ಸೌದೆ ತಗೊಂಡು ಮನೆಗೆ ಮುಟ್ಟಿದ್ರು, ಅದನ್ನೂ ಇಲ್ಲ ಅನ್ನೋಕೆ ಆಗೋದಿಲ್ಲ ಅಲ್ವಾ.

ಇನ್ನೊಂದು ವಿಷಯ ಮಕ್ಕಳಿಗೆ ಹೇಳಿ. ನಮ್ಮ ಜನರಲ್ ತಿಮ್ಮಯ್ಯ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ, ಮಡಿಕೇರಿಯವರು. 1953ರಲ್ಲಿ ಕೊರಿಯಾ ಯುದ್ಧ ನಿಂತ ಮೇಲೆ 22 ಸಾವಿರಕ್ಕೂ ಹೆಚ್ಚು ಯುದ್ಧ ಕೈದಿಗಳು ನಾವು ನಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂತ ಕೂತ್ರು. ಎರಡೂ ಕಡೆಯವರಿಗೆ ಇನ್ನೊಬ್ಬರ ಮೇಲೆ ನಂಬಿಕೆ ಇಲ್ಲ. ಕೊನೆಗೆ ಐದು ತಟಸ್ಥ ದೇಶಗಳ ಆಯೋಗ ಮಾಡಿ ಅದಕ್ಕೆ ತಿಮ್ಮಯ್ಯನವರನ್ನ ಅಧ್ಯಕ್ಷ ಮಾಡಿದ್ರು, ಕೈದಿಗಳನ್ನ ಕಾಯೋಕೆ ಭಾರತದ ಸೈನಿಕರೇ ಹೋದ್ರು. ದಕ್ಷಿಣ ಕೊರಿಯಾದ ಸರ್ಕಾರ ನಮ್ಮವರನ್ನ ತನ್ನ ನೆಲದ ಮೇಲೆ ಕಾಲಿಡೋಕೂ ಬಿಡಲಿಲ್ಲ, ಹಡಗಿನಿಂದ ಹೆಲಿಕಾಪ್ಟರಲ್ಲಿ ನೇರ ಗಡಿ ವಲಯಕ್ಕೆ ಇಳಿಸಬೇಕಾಯ್ತು. ಆಮೇಲೆ 1964ರಲ್ಲಿ ಅವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆಯ ಕಮಾಂಡರ್ ಆದ್ರು, 1965 ಡಿಸೆಂಬರಲ್ಲಿ ಡ್ಯೂಟಿಯಲ್ಲಿದ್ದಾಗಲೇ ಅಲ್ಲೇ ತೀರಿಕೊಂಡ್ರು. ಸೈಪ್ರಸ್‌ನವರು ಅವರ ಸ್ಟಾಂಪ್ ಮಾಡಿದ್ದಾರೆ, ಲಾರ್ನಾಕಾ ಊರಲ್ಲಿ ಒಂದು ಬೀದಿಗೆ ಅವರ ಹೆಸರಿದೆ. ಮಡಿಕೇರೀಲಿ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ, ಟೂರ್ ಬಂದ್ರೆ ರಾಜಾಸೀಟ್ ಜೊತೆ ಅಲ್ಲಿಗೂ ಮಕ್ಕಳನ್ನ ಕರ್ಕೊಂಡು ಬನ್ನಿ.

ವಕೀಲಿ_ಓದ್ತಿರೋಳು

ಫೌಜಿ ಅಂಕಲ್ ಬರೆದಿದ್ದು ಓದಿ ಕಣ್ಣು ತುಂಬಿ ಬಂತು, ನಿಮಗೆ ದೊಡ್ಡ ನಮಸ್ಕಾರ. ಆದ್ರೆ ಮೇಷ್ಟ್ರೇ, ಆ ಹುಡುಗಿಗೆ ಸೋತಿರೋ ಕಥೇನೂ ಪೂರ್ತಿ ಹೇಳ್ಬೇಕು ಅಂತ ನನ್ನ ಅಭಿಪ್ರಾಯ, ಅವಳ ಪ್ರಶ್ನೆ ಇರೋದೇ ಅಲ್ಲಿ.

ರುವಾಂಡಾ, 1994. ಅಲ್ಲಿ ವಿಶ್ವಸಂಸ್ಥೆ ಪಡೆ ಮೊದಲೇ ಇತ್ತು, ಸುಮಾರು 2500 ಜನ. ಕಮಾಂಡರ್ ಕೆನಡಾದ ರೋಮಿಯೋ ಡಲೇರ್, ಜನವರೀಲೇ ನ್ಯೂಯಾರ್ಕಿಗೆ ಸಂದೇಶ ಕಳಿಸಿದ್ರು, ಹುಟು ಉಗ್ರರು ಆಯುಧ ಬಚ್ಚಿಡ್ತಾ ಇದ್ದಾರೆ, ಹೋಗಿ ಹಿಡೀತೀನಿ ಅಂತ. ಬೇಡ, ನಿಮಗೆ ಆ ಅಧಿಕಾರ ಇಲ್ಲ ಅಂತ ಉತ್ತರ ಬಂತು. ಏಪ್ರಿಲಲ್ಲಿ ಟುಟ್ಸಿ ಜನಾಂಗದವರ ಕೊಲೆ ಶುರುವಾಯ್ತು, ಬೆಲ್ಜಿಯಂನ 10 ಸೈನಿಕರನ್ನೂ ಕೊಂದ್ರು, ಬೆಲ್ಜಿಯಂ ತನ್ನ ಪಡೆ ವಾಪಸ್ ಕರೆಸ್ಕೊಳ್ತು. ಆಗ ಭದ್ರತಾ ಮಂಡಳಿ ಏನ್ ಮಾಡ್ಬೇಕಿತ್ತು? ಇನ್ನೂ ಜನ ಕಳಿಸ್ಬೇಕಿತ್ತು. ಏಪ್ರಿಲ್ 21ಕ್ಕೆ ಇರೋ ಪಡೇನ 270ಕ್ಕೆ ಇಳಿಸಿ ಅಂತ ಠರಾವು ಮಾಡ್ತು!! ನೂರು ದಿನದಲ್ಲಿ ಸತ್ತೋರು ಸುಮಾರು 8 ಲಕ್ಷ. ಕೊಲೆ ಮಾಡಿಸ್ತಿದ್ದ ಸರ್ಕಾರದ ಪ್ರತಿನಿಧಿ ಆ ವರ್ಷ ಅದೇ ಮಂಡಳೀಲಿ ಸದಸ್ಯನಾಗಿ ಕೂತಿದ್ದ, ಅದನ್ನ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಹಾಸ್ಟೆಲ್ ಟೆರೇಸಿಗೆ ಹೋಗಿ ಕೂತಿದ್ದೆ. ಹೋಗಿ ಅಂದ್ರೂ ಹೋಗದೆ ಡಲೇರ್ ಜೊತೆ ಉಳಿದೋರು ಮುಖ್ಯವಾಗಿ ಘಾನಾ ದೇಶದ ಸೈನಿಕರು, ರಾಜಧಾನಿ ಕಿಗಾಲಿಯ ಅಮಹೋರೋ ಸ್ಟೇಡಿಯಂನಲ್ಲಿ ಸಾವಿರಾರು ಜನರನ್ನ ಉಳಿಸಿದ್ರು. ಅಂದ್ರೆ ನಿಂತ ಕಡೆ ಜೀವ ಉಳೀತು, ಬಿಟ್ಟು ಹೋದ ಕಡೆ ಉಳೀಲಿಲ್ಲ. ಇನ್ನಷ್ಟು ಜನ ನಿಂತಿದ್ರೆ ಅನ್ನೋದೇ ನಂಗೆ ಹೊಟ್ಟೆ ಉರಿಯೋ ವಿಷಯ.

ವೀಟೋ ವಿಷಯಕ್ಕೆ ಬಂದ್ರೆ 2022 ಫೆಬ್ರವರಿ 25, ಉಕ್ರೇನ್ ಮೇಲಿನ ದಾಳಿ ಖಂಡಿಸೋ ಠರಾವಿಗೆ 11 ಜನ ಪರ, ಭಾರತ ಸೇರಿ 3 ದೇಶ ತಟಸ್ಥ, ರಷ್ಯಾ ಒಂದೇ ಕೈ ಎತ್ತಿ ಬೀಳಿಸ್ತು. ಆ ತಿಂಗಳು ಮಂಡಳಿಯ ಅಧ್ಯಕ್ಷತೆ ಇದ್ದಿದ್ದೂ ರಷ್ಯಾ ಕೈಲೇ. 2023 ಡಿಸೆಂಬರಲ್ಲಿ ಗಾಜಾ ಕದನವಿರಾಮಕ್ಕೆ 13 ಪರ, ಅಮೆರಿಕ ಬೀಳಿಸ್ತು. ಕೇಸು ಯಾರ ಮೇಲೆ ಇದೆಯೋ ಅವರ ಕೈಲೇ ತೀರ್ಪು ತಡೆಯೋ ಅಧಿಕಾರ. ಹಾಗಾಗಿ ವಿಶ್ವಸಂಸ್ಥೆ ಸೋತ್ತು ಅನ್ನೋ ಬದಲು ಯಾರು ಸೋಲಿಸಿದ್ರು ಅಂತ ದೇಶದ ಹೆಸರು ಹಿಡಿದು ಮಕ್ಕಳಿಗೆ ಹೇಳಿ ಮೇಷ್ಟ್ರೇ. ಅದು ಸರ್ಕಾರ ಅಲ್ಲ, ಅದಕ್ಕೆ ಸ್ವಂತ ಸೈನ್ಯ ಇಲ್ಲ, ಸ್ವಂತ ತೆರಿಗೆ ಇಲ್ಲ. 2024ರಲ್ಲಿ ಇಡೀ ಪ್ರಪಂಚ ಮಿಲಿಟರಿಗೆ ಸುರಿದಿದ್ದು 2.7 ಲಕ್ಷ ಕೋಟಿ ಡಾಲರ್, ಶಾಂತಿಪಾಲನೆ ಬಜೆಟ್ಟು 560 ಕೋಟಿ ಡಾಲರ್ ಆಸುಪಾಸು. ಮಕ್ಕಳ ಕೈಲೇ ಭಾಗಾಕಾರ ಮಾಡ್ಸಿ.

ಮುಳುಗಡಿ_ಮಂದಿ

ಶಾಂತಿ ಬಗ್ಗೆ ಎಲ್ಲಾರೂ ಬರದೀರಿ, ಅಭಿವೃದ್ಧಿ ಬಗ್ಗೆ ನಾ ಹೇಳ್ತೀನ್ರಿ. ನಾ ಬಾಗಲಕೋಟಿಯವ. ಆಲಮಟ್ಟಿ ಹಿನ್ನೀರಿಗೆ ಹಳೆ ಊರು ಅರ್ಧ ಹೋತು, ನಮ್ಮ ಮನಿನೂ ಹೋತು. ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಸಂಸ್ಥೆ ಕುಟುಂಬದ್ದ ಆದ ವಿಶ್ವ ಬ್ಯಾಂಕ್ ಸಾಲ ಕೊಟ್ಟಿತ್ತು ಅನ್ನೋದು ಈಗಿನ ಹುಡುಗ್ರಿಗೆ ಗೊತ್ತೇ ಇಲ್ಲ.

ಸಣ್ಣಾವ ಇದ್ದಾಗ ಒಂದಿನ ಮಂದಿ ಬಂದು ನಮ್ಮ ಪಡಸಾಲಿ ಗೋಡಿ ಮ್ಯಾಲ ಕೆಂಪು ಬಣ್ಣದಾಗ ನಂಬರ್ ಬರದು ಹೋದ್ರು. ನೀರು ಅಲ್ಲೀಮಟ ಬರ್ತೈತಿ ಅಂತ. ನಮ್ಮವ್ವ ಪ್ರತಿ ದೀಪಾವಳಿಗೆ ಗೋಡಿಗೆ ಸುಣ್ಣ ಹಚ್ಚಾಕಿ, ಆ ನಂಬರ್ ಇರೋ ಜಾಗ ಬಿಟ್ಟು ಹಚ್ಚಾಕಿ, ಅಳಿಸಿದ್ರ ಪರಿಹಾರ ಸಿಗಂಗಿಲ್ಲ ಅಂತ ಯಾರೋ ಹೇಳಿದ್ರಂತ. ಕಡೀಗೆ ಮನಿ ಬಿಡೂ ಮುಂದ ಬಾಗಲಾ ಚೌಕಟ್ಟು ಸಮೇತ ಕಿತ್ತು ಟ್ರ್ಯಾಕ್ಟರ್‌ನ್ಯಾಗ ಹೇರ್ಕೊಂಡು ನವನಗರಕ್ಕ ಬಂದ್ವಿ. ಆ ಬಾಗಲಾ ಇವತ್ತಿಗೂ ನಮ್ಮ ಮನೀಗೆ ಐತಿ, ಹೊಸ ಗೋಡಿಗೆ ಹಳೆ ಬಾಗಲಾ.

ಈಗ ವಿಷಯಕ್ಕ ಬರ್ತೀನಿ. ಸಾಲ ಕೊಟ್ಟವ್ರು ದೂರದ ಮಂದಿ, ನಮ್ಮ ಮುಖಾ ನೋಡಿದವ್ರಲ್ಲ, ಅದು ಖರೇನ. ಆದ್ರ 90ರ ದಶಕದಾಗ ಪುನರ್ವಸತಿ ಸರಿ ನಡದಿಲ್ಲ ಅಂತ ಅದೇ ಬ್ಯಾಂಕಿನವ್ರು ರೊಕ್ಕ ತಡದು ಹಿಡದ್ರು. ರೊಕ್ಕ ನಿಂತ ಮ್ಯಾಲ ಮುಳುಗಡಿ ಮಂದಿ ಮಾತಿಗೆ ಸ್ವಲ್ಪ ಕಿಮ್ಮತ್ತು ಬಂತು ಅಂತ ನಮ್ಮಪ್ಪ ಹೇಳಾಂವ. ಅಲ್ಲೀತನಕ ಆಂವ ಕಚೇರಿಯಿಂದ ಕಚೇರಿಗೆ ಫೈಲ್ ಹಿಡಕೊಂಡು ಅಡ್ಡಾಡಿ ಅಡ್ಡಾಡಿ ಚಪ್ಪಲಿ ಹರದಿದ್ದ. ನರ್ಮದಾದಾಗೂ ಹಂಗ ಆತು. ಸರ್ದಾರ್ ಸರೋವರಕ್ಕ 1985ರಾಗ 45 ಕೋಟಿ ಡಾಲರ್ ಸಾಲ ಒಪ್ಪಿದ್ರು, ಊರು ಕಳಕೊಳ್ಳೋ ಮಂದಿ ಜಗ್ಗದ ಹೋರಾಟ ಮಾಡಿದ್ರು, ಕಡೀಗೆ ಬ್ಯಾಂಕ್ ತಾನ ಒಂದು ಸ್ವತಂತ್ರ ಕಮಿಷನ್ ಮಾಡ್ತು, ಬ್ರಾಡ್‌ಫೋರ್ಡ್ ಮೋರ್ಸ್ ಅದರ ಮುಖ್ಯಸ್ಥ. 1992ರ ವರದಿಯೊಳಗ ಯೋಜನಾದ್ದು ತಪ್ಪು ಭಾಳ ಅದಾವ ಅಂತ ಬರದ್ರು, 1993ರಾಗ ಉಳಿದ ಸಾಲ ಬ್ಯಾಡ ಅಂತ ಭಾರತ ಸರ್ಕಾರನ ಹೇಳ್ತು. ಡ್ಯಾಮ್ ನಿಲ್ಲಲಿಲ್ಲ. ಆದ್ರ ಆ ವರ್ಷನ ಬ್ಯಾಂಕು ಒಂದು ತನಿಖಾ ಸಮಿತಿ ಕಟ್ಟಿತು, ಬ್ಯಾಂಕಿನ ಯೋಜನಾದಿಂದ ಹಾಳಾದ ಯಾವ ದೇಶದ ರೈತರೇ ಇರಲಿ, ತಮ್ಮ ಸರ್ಕಾರದ ಕಡೆ ಹೋಗದ ಸೀದಾ ಅಲ್ಲಿಗೆ ಅರ್ಜಿ ಹಾಕಬಹುದು. ಅದನ್ನ ತಂದವ್ರು ನರ್ಮದಾ ದಂಡಿ ಮಂದಿ. ಅದಕ್ಕ ನಾ ಹೇಳೂದೇನಂದ್ರ, ಇಂಥ ಸಂಸ್ಥೆಗಳು ತಾವಾಗಿ ಒಳ್ಳೇವಾಗಂಗಿಲ್ರಿ, ಕೆಳಗ ಕುಂತ ಮಂದಿ ಹಟಾ ಹಿಡದು ಕುಂತ್ರ ಅಷ್ಟ ಸರಿ ಆಗ್ತಾವು.

ಸಮಾಜ_ಮೇಷ್ಟ್ರು

ಎಲ್ರಿಗೂ ಕೈ ಮುಗಿದೆ. ಗೋಡೆ ಮೇಲಿನ ಕೆಂಪು ನಂಬರ್ ಬಿಟ್ಟು ಸುಣ್ಣ ಹಚ್ಚೋದು ಓದಿ ಸ್ವಲ್ಪ ಹೊತ್ತು ಮಾತೇ ಹೊರಡ್ಲಿಲ್ಲ. ನನ್ನದೊಂದು ಕೇಳ್ಕೆ, ಪೂರ್ತಿ ಗೆದ್ದಿದ್ದು ಅಂತ ಒಂದಾದ್ರೂ ಇದೆಯಾ? ಅರ್ಧಂಬರ್ಧ ಅಲ್ಲ, ಪೂರ್ತಿ.

ಅಜ್ಜೀ_ತೋಳು

ಇದೆ ಮೇಷ್ಟ್ರೇ. ನಿಮ್ಮೂರಲ್ಲಿ ಐವತ್ತು ದಾಟಿರೋ ಯಾರದ್ದಾದ್ರೂ ತೋಳು ನೋಡಿ, ಅಮ್ಮಂದೋ ಅಜ್ಜೀದೋ. ಮೇಲುಗಡೆ ದುಂಡಗೆ ಕಲೆ ಇರತ್ತೆ. ಸಿಡುಬಿನ ಲಸಿಕೇದು, ಮೈಲಿ ಹಾಕೋದು ಅಂತಿದ್ರು. ನನ್ನ ತಂದೆ ಮನೆ ಮನೆಗೆ ಹೋಗಿ ಮೈಲಿ ಹಾಕೋ ಕೆಲಸದಲ್ಲಿದ್ರು, ತುಮಕೂರು ಕಡೆ. ಅವರು ಸೈಕಲ್ ಬೆಲ್ ಹೊಡೆದ್ರೆ ಸಾಕು ಮಕ್ಕಳೆಲ್ಲ ಅಟ್ಟ ಹತ್ತಿ ರಾಗಿ ವಾಡೆ ಹಿಂದೆ ಕೂತ್ಕೋತಿದ್ರಂತೆ. ಮೊದಲು ತಿರುಗಿಸಿ ಗಾಯ ಮಾಡೋ ಒಂದು ಯಂತ್ರ ಇತ್ತಂತೆ, ತುಂಬಾ ನೋವು, ಕೀವು ಆಗೋದು. ಆಮೇಲೆ ಕವಲು ಸೂಜಿ ಬಂತು, ತುದಿ ಎರಡಾಗಿ ಸೀಳಿರೋದು, ಆ ಸೀಳಲ್ಲಿ ಒಂದು ತೊಟ್ಟು ಲಸಿಕೆ ನಿಲ್ಲತ್ತೆ, 15 ಸಲ ಬೇಗ ಬೇಗ ಚುಚ್ಚೋದು, ಮುಗೀತು. ಸ್ವಲ್ಪ ಹೊತ್ತಲ್ಲೇ ಕಲಿಸಬಹುದು ಯಾರಿಗೆ ಬೇಕಾದ್ರೂ ಅಂತಿದ್ರು ಅಪ್ಪ.

ಮೊದಲು ಸೋವಿಯತ್ ಒಕ್ಕೂಟದವರು 1958ರಲ್ಲಿ ವಿಶ್ವಸಂಸ್ಥೆ ಕುಟುಂಬದ್ದೇ ಆದ ವಿಶ್ವ ಆರೋಗ್ಯ ಸಂಸ್ಥೇಲಿ ಈ ರೋಗಾನ ಭೂಮಿಯಿಂದಲೇ ತೆಗೀಬೇಕು ಅಂತ ಎತ್ತಿದ್ರು, 1967ರಿಂದ ಜೋರಾಗಿ ಮಾಡಿದಾಗ ಅದನ್ನ ನಡೆಸಿದ್ದು ಅಮೆರಿಕದ ಡಿ.ಎ. ಹೆಂಡರ್ಸನ್. ಒಬ್ಬರ ಮೇಲೊಬ್ಬರು ಅಣುಬಾಂಬ್ ಗುರಿ ಇಟ್ಕೊಂಡು ಕೂತಿದ್ದ ಕಾಲ ಅದು! ಸೋವಿಯತ್ತಿನವರು ಕೋಟಿಗಟ್ಟಲೆ ಡೋಸ್ ಪುಕ್ಕಟೆ ಕೊಟ್ರು. 1973ರಿಂದ ನಮ್ಮ ದೇಶದಲ್ಲಿ ಮನೆ ಮನೆ ಹುಡುಕಾಟ, ಲಕ್ಷಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರು, ಕೈಯಲ್ಲಿ ಸಿಡುಬೆದ್ದ ಮಗೂ ಫೋಟೋ ಇರೋ ಕಾರ್ಡು, ಇಂಥದ್ದು ಎಲ್ಲಾದ್ರೂ ನೋಡಿದ್ದೀರಾ ಅಂತ ಸಂತೆ, ಸ್ಕೂಲು ಎಲ್ಲ ಕಡೆ ಕೇಳೋದು. ಹೇಳಿದೋರಿಗೆ ಬಹುಮಾನ, ಕೊನೇಗೆ ಅದು 1000 ರೂಪಾಯಿಗೆ ಏರಿತ್ತು, ಆಗಿನ ಸಾವಿರ. ಒಂದು ಕೇಸ್ ಸಿಕ್ಕಿದ್ರೆ ಆ ಮನೆ ಸುತ್ತ ಎಲ್ಲರಿಗೂ ಲಸಿಕೆ, ಬಾಗಿಲಿಗೆ ಕಾವಲು. 1975ರಲ್ಲಿ ಭಾರತದ ಕೊನೇ ಕೇಸು, 1977ರಲ್ಲಿ ಸೊಮಾಲಿಯಾದಲ್ಲಿ ಪ್ರಪಂಚದ್ದೇ ಕೊನೇ ಸಹಜ ಕೇಸು, 1980 ಮೇ ತಿಂಗಳಲ್ಲಿ ಸಿಡುಬು ಇಲ್ಲ ಅಂತ ಆ ಸಂಸ್ಥೆ ಕೇಂದ್ರ ಕಚೇರಿ ಇರೋ ಜಿನೀವಾದಲ್ಲಿ ಘೋಷಣೆ ಆಯ್ತು.

ಸೂಜಿ ಚುಚ್ಚಿದ್ದು ಜಿನೀವಾದವರಲ್ಲ, ನಮ್ಮಪ್ಪನಂಥ ಸರ್ಕಾರಿ ನೌಕರರು, ಅದನ್ನ ಹೇಳ್ಲೇಬೇಕು. ಆದ್ರೆ ತುಮಕೂರಿನ ಹಳ್ಳೀಲೂ ಇಥಿಯೋಪಿಯಾದ ಗುಡ್ಡದಲ್ಲೂ ಅದೇ ಸೂಜಿ, ಅದೇ ಲೆಕ್ಕ. ಒಂದು ದೇಶದಲ್ಲಿ ಹೋಗಿ ಪಕ್ಕದ ದೇಶದಲ್ಲಿ ಉಳಿದ್ರೆ ಮತ್ತೆ ಬರತ್ತೆ, ನಮ್ಮ ಕೊನೇ ಕೇಸೂ ಬಾಂಗ್ಲಾದೇಶದಿಂದ ಬಂದಿದ್ದು. ಎಲ್ಲರನ್ನೂ ಒಂದೇ ಲೆಕ್ಕಕ್ಕೆ ತರೋ ಕೆಲಸ ಯಾವ ಒಂದು ದೇಶದ ಕೈಲೂ ಆಗ್ತಿರಲಿಲ್ಲ. ಅಪ್ಪ ಹೋಗಿ ಎಂಟು ವರ್ಷ ಆಯ್ತು, ಅವರ ಆ ಸೂಜಿ ಒಂದು ನಮ್ಮನೆ ದೇವರ ಕೋಣೆ ಗೂಡಲ್ಲಿ ಇದೆ, ಅಮ್ಮ ವಾರಕ್ಕೊಂದು ಸಲ ಒರೆಸಿಡ್ತಾರೆ.

ಕುಡ್ಲದ_ಸೀಮ್ಯಾನ್

ನಾನು ಹಡಗಿನಲ್ಲಿ ಇಂಜಿನ್ ಸೈಡ್ ಕೆಲಸ ಮಾಡುವವ, ಮಂಗಳೂರಿನವ. ಒಂದು ಸಣ್ಣ ವಿಷಯ ಸೇರಿಸ್ತೇನೆ. 2022ರಲ್ಲಿ ಉಕ್ರೇನಿನ ಗೋಧಿ, ಮೆಕ್ಕೆಜೋಳ ಎಲ್ಲ ಒಡೆಸ್ಸಾದ ಕಡೆ ಸಿಕ್ಕಿಬಿದ್ದಿತ್ತು, ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆಯ ರೇಟು ಏರಿದ್ದು ಎಲ್ಲರಿಗೂ ನೆನಪಿರಬಹುದು. ಜುಲೈಯಲ್ಲಿ ವಿಶ್ವಸಂಸ್ಥೆ ಮತ್ತು ಟರ್ಕಿ ನಡುವೆ ನಿಂತು ಒಪ್ಪಂದ ಮಾಡಿಸಿದ್ರು, ಯುದ್ಧ ಮಾಡುತ್ತಾ ಇರುವ ಎರಡು ದೇಶದವರು ಇಸ್ತಾಂಬುಲ್‌ನಲ್ಲಿ ಒಂದೇ ಕೇಂದ್ರದಲ್ಲಿ ಕೂತು ಹಡಗು ಪರೀಕ್ಷೆ ಮಾಡಿಸಿದ್ರು ಮಾರಾಯ್ರೆ. ಆ ಸಮಯದಲ್ಲಿ ನಮ್ಮ ಹಡಗು ಬಾಸ್ಫರಸ್ ದಾಟುವಾಗ ನೋಡಿದ್ದೇನೆ, ಇನ್ಸ್‌ಪೆಕ್ಷನ್‌ಗೆ ಕಾಯುವ ಹಡಗುಗಳು ಮರ್ಮರ ಸಮುದ್ರದಲ್ಲಿ ಕಣ್ಣು ಹೋದಷ್ಟು ದೂರ ಲಂಗರು ಹಾಕಿ ನಿಂತಿದ್ದವು, ರಾತ್ರಿ ಅದರ ಲೈಟುಗಳು ಒಂದು ಊರಿನ ಹಾಗೆ ಕಾಣ್ತಿತ್ತು. ಒಂದು ವರ್ಷದಲ್ಲಿ 3 ಕೋಟಿ ಟನ್‌ಗಿಂತ ಹೆಚ್ಚು ಧಾನ್ಯ ಹೊರಗೆ ಬಂತು. 2023 ಜುಲೈಯಲ್ಲಿ ರಷ್ಯಾ ಹೊರಗೆ ಹೋಯ್ತು, ಒಪ್ಪಂದ ನಿಂತಿತು. ಯುದ್ಧ ನಿಲ್ಲಲಿಲ್ಲ, ಆದ್ರೆ ಆ ಒಂದು ವರ್ಷ ಗೋಧಿ ಬಂತಲ್ಲ, ಅದು ಯಾರದ್ದೋ ಹೊಟ್ಟೆಗೆ ಹೋಗಿದೆ. ನಿಮ್ಮ ವಿದ್ಯಾರ್ಥಿನಿಗೆ ಇದನ್ನೂ ಹೇಳಿ.

ಸಮಾಜ_ಮೇಷ್ಟ್ರು

ಇವತ್ತು ಸೋಮವಾರ, ಈಗಷ್ಟೇ ಸ್ಕೂಲಿಂದ ಬಂದೆ. ಪುಸ್ತಕ ತೆಗೀಲಿಲ್ಲ. ಮೊದಲು ಭಾಗಾಕಾರ ಮಾಡ್ಸಿದೆ, ಒಂದು ಪರ್ಸೆಂಟಿನ ಕಾಲು ಭಾಗಾನೂ ಬರ್ಲಿಲ್ಲ, ಲೆಕ್ಕ ತಪ್ಪಾಗಿದೆ ಅಂತ ಮಕ್ಕಳು ಎರಡು ಸಲ ಮಾಡಿದ್ರು. ಆಮೇಲೆ ಸೌದೆ ಪಟ್ರೋಲಿಂಗ್ ಕಥೆ ಓದಿ ಹೇಳಿದೆ, ರುವಾಂಡಾನೂ ಹೇಳಿದೆ, ಮುಚ್ಚಿಡಲಿಲ್ಲ. ಆ ಹುಡುಗಿ ಸುಮ್ನೆ ಕೇಳಿಸ್ಕೊಂಡ್ಲು, ಒಪ್ಕೊಂಡ್ಲಾ ಇಲ್ವಾ ಗೊತ್ತಿಲ್ಲ. ಬೆಲ್ ಆದ ಮೇಲೆ ಬಂದು ಕೇಳಿದ್ದು ಒಂದೇ ಮಾತು, "ಸಾರ್, ಆ ಹೆಂಗಸರ ಜೊತೆ ಈಗ ಯಾರು ಹೋಗ್ತಾರೆ?" ಅಂತ. ಫೌಜಿ ಸರ್, ಇದಕ್ಕೆ ನೀವೇ ಉತ್ತರ ಹೇಳ್ಬೇಕು. ಆಗೋದಾದ್ರೆ ಶನಿವಾರ ಬೆಳಿಗ್ಗೆ ಕ್ಲಾಸ್ ಟೈಮಲ್ಲಿ ಫೋನ್ ಮಾಡ್ತೀನಿ, ಸ್ಪೀಕರಲ್ಲಿ ಹಾಕ್ತೀನಿ, ಮಕ್ಕಳ ಹತ್ರ ಮಾತಾಡ್ತೀರಾ? ನಿಮ್ಮ ನಂಬರ್ ಇಲ್ಲಿ ಹಾಕ್ಬೇಡಿ, ಮೆಸೇಜ್ ಮಾಡಿ.

ಕೊಡಗಿನ_ಫೌಜಿ

ಮಾತಾಡ್ತೀನಿ ಮೇಷ್ಟ್ರೇ. ಅವಳ ಪ್ರಶ್ನೆಗೆ ನನ್ನ ಹತ್ರ ಒಳ್ಳೇ ಉತ್ತರ ಇಲ್ಲ, ಇರೋದನ್ನ ಇದ್ದ ಹಾಗೆ ಹೇಳ್ತೀನಿ. ಶನಿವಾರ ಹತ್ತೂವರೆಗೆ ಮಾಡಿ, ಮಳೆ ಇದ್ರೆ ನಮ್ಮ ಕಡೆ ನೆಟ್‌ವರ್ಕ್ ಕಷ್ಟ, ಮೇಲಿನ ತೋಟಕ್ಕೆ ಹತ್ತಿ ನಿಂತಿರ್ತೀನಿ.